ಕೆಂಪು ದಾರದ ಗಂಟು

ನನ್ನ ನಾದಿನಿ, ಅಂದರೆ ನಮ್ಮ ಯಜಮಾನರ ತಂಗಿ, ಮದುವೆಯಾಗದೆ ನಮ್ಮ ಜೊತೆಯಲ್ಲೇ ಇದ್ದಳು. ತೂಕದ ಯಂತ್ರ, ಚೀಟಿ ಮುದ್ರಿಸುವ ಯಂತ್ರಗಳನ್ನು ಕಂಪ್ಯೂಟರಿಗೆ ಸೇರಿಸುವ ಕೇಬಲ್ ಮಾಡುವುದು ಅವಳ ಕಸುಬು. ಅಡುಗೆಮನೆಯ ಮೂಲೆಯ ಮೇಜೇ ಅವಳ ಕಾರ್ಖಾನೆ. ಅವಳ ಬೆಸುಗೆಯ ಹೊಗೆಗೂ ನನ್ನ ಒಲೆಯ ಹೊಗೆಗೂ ಒಂದೇ ಕಿಟಕಿ. ದಿನವಿಡೀ ಕೇಬಲ್ಲಿನ ಪಿನ್ನುಗಳ ಜೊತೆಯೇ ಇರುತ್ತಾಳೆಂದು ಯಜಮಾನರು ಅವಳನ್ನು ಪಿನ್ನಮ್ಮ ಎಂದು ರೇಗಿಸುತ್ತಿದ್ದರು.

ಒಮ್ಮೆ ದೊಡ್ಡ ಗೋದಾಮಿನವರು ಇಪ್ಪತ್ತು ಕೇಬಲ್ ಕೇಳಿದರು. ಸರಿಯಾಗಿ ನಡೆದರೆ ಕಾಯಂ ಕೆಲಸ ಕೊಡುವುದಾಗಿಯೂ ಹೇಳಿದ್ದರು. ಅವನ್ನು ಜೋಡಿಸಿಕೊಡಲು ಗೋದಾಮಿಗೆ ಹೊರಡುವ ದಿನ ಅವಳು ಸ್ನಾನಕ್ಕೆ ಹೋದಾಗ ಡಬ್ಬಿಗೆ ತುಂಬಲು ನಾನು ಕೂತೆ. ಹತ್ತು ಕೇಬಲ್ಲಿಗೆ ಕೆಂಪು ದಾರದ ಗಂಟು ಹಾಕಿದ್ದಳು. ದೊಡ್ಡ ಜಾಗಕ್ಕೆ ಹೋಗುವ ಸಾಮಾನು, ಚಿಂದಿ ದಾರ ನೇತಾಡಿದರೆ ಏನು ಚೆಂದ ಎಂದು ಹತ್ತನ್ನೂ ಕತ್ತರಿಸಿ ಮುಚ್ಚಳ ಹಾಕಿಬಿಟ್ಟೆ.

ದಾರ ಯಾಕೆಂದು ಆಮೇಲೆ ತಿಳಿಯಿತು. ಕೆಲವು ಯಂತ್ರಕ್ಕೆ ಎರಡನೆಯ, ಮೂರನೆಯ ತಂತಿ ನೇರವಾಗಿ ಹೋಗಬೇಕು, ಕೆಲವಕ್ಕೆ ಅದಲುಬದಲಾಗಬೇಕು. ಕೇಬಲ್ಲಿನ ತುದಿಗೆ ಮುಚ್ಚಳ ಹಾಕಿ ತಿರುಪು ಬಿಗಿದ ಮೇಲೆ ಎರಡೂ ಅವಳಿಜವಳಿ. ಅದಲುಬದಲಾದದ್ದಕ್ಕೆ ದಾರವೇ ಗುರುತು.

ಅಲ್ಲಿ ಒಂದೊಂದನ್ನೂ ಬಿಚ್ಚಿ ನೋಡುತ್ತಾ ಅವಳು ಕೂತಳಂತೆ, ಹೊರಗೆ ಲಾರಿಗಳು ಸಾಲುಗಟ್ಟಿದವಂತೆ. "ಯಾವ್ದು ಯಾವ್ದಕ್ಕೆ ಅಂತ ಮಾಡಿದೋಳಿಗೇ ಗೊತ್ತಿಲ್ವಾ?" ಎಂದು ಮಾಲೀಕ ಎಲ್ಲರೆದುರು ಕೇಳಿ, ಮತ್ತೆ ಬರಬೇಡ ಎಂದನಂತೆ.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಕೇಳಿದಳು. "ಅತ್ತಿಗೆ, ದಾರ ನೀವು ತೆಗೆದ್ರಾ?"

"ನಾನ್ಯಾಕೆ ಮುಟ್ಲಿ ನಿನ್ನ ಸಾಮಾನು?"

ಆ ತುಂಡುಗಳು ಇನ್ನೂ ಕಸದ ಬುಟ್ಟಿಯಲ್ಲೇ ಇದ್ದವು. ನೀನೇ ಕಟ್ಟಲು ಮರೆತಿರಬೇಕು ಎಂದರು ಯಜಮಾನರು. "ಇರಬಹುದು" ಎಂದು ಅವಳು ಕೈ ತೊಳೆಯಲು ಹೋದಳು. ಆಮೇಲೆ ಅವಳಿಗೆ ಸಿಕ್ಕಿದ್ದೆಲ್ಲ ಚಿಲ್ಲರೆ ರಿಪೇರಿ ಕೆಲಸ.

ಯಜಮಾನರು ಹೋದರು, ಹೋದ ವರ್ಷ ಅವಳೂ ಹೋದಳು. ಅವಳ ಡಬ್ಬಿ ತೆಗೆದು ನೋಡಿದೆ. ಒಂದು ಕೇಬಲ್ಲಿಗೂ ಹೊರಗೆ ಗಂಟಿರಲಿಲ್ಲ. ದಾರವನ್ನು ತಿರುಪಿನ ಮುಚ್ಚಳದ ಒಳಗೇ ಗಂಟು ಹಾಕಿ, ಅಕ್ಕಿಕಾಳಿನಷ್ಟು ತುದಿ ಮಾತ್ರ ಹೊರಗೆ ಬಿಟ್ಟಿದ್ದಳು. ಕತ್ತರಿಗೆ ಸಿಗದ ಹಾಗೆ.

ಅಂದರೆ ಅವಳಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ನಾನು ಬಡಿಸಿದ್ದನ್ನು ಉಂಡಳು, ಮತ್ತೆ ಆ ಮಾತು ಎತ್ತಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಒಮ್ಮೆ ಕೇಳಿದ್ದಳಲ್ಲ.