ಅಧ್ಯಕ್ಷನ ಅಪ್ಪನ ಹೋಟೆಲು

ಆಗುವುದಿಲ್ಲ ಎಂದವರು ಬೇರೆ ಯಾರೂ ಅಲ್ಲ, ನಮ್ಮಪ್ಪ. ಇವತ್ತು ಬೆಳಿಗ್ಗೆ ಮಸ್ಕತ್ತಿನ ದಾರ್ಸೈಟಿನ ನಮ್ಮ ಫ್ಲ್ಯಾಟಿನಲ್ಲಿ ಹಾಲು ಉಕ್ಕಿ ಸೀದ ವಾಸನೆ ಬಂದಾಗ ಆ ಮಾತು ನೆನಪಾಯಿತು. ಊರಲ್ಲಿ ಬಸ್‌ಸ್ಟ್ಯಾಂಡಿನ ಎದುರು ಅಪ್ಪನ ಹೋಟೆಲಿತ್ತು. ಪಿಯುಸಿ ಮುಗಿಸಿ ಕಾಲೇಜಿನ ಅರ್ಜಿ ಹಿಡಿದು ನಿಂತಿದ್ದಾಗಲೂ ನಾನು ಒಲೆಯ ಮೇಲಿನ ಹಾಲನ್ನು ಮರೆತಿದ್ದೆ.

“ಹಾಲು ನೋಡಲಿಕ್ಕೆ ಗೊತ್ತಿಲ್ಲ, ನಿನಗೆ ಡಿಗ್ರಿಯಾ? ಹೋಟೆಲಿನವರ ಮನೆಯಲ್ಲಿ ಅದೆಲ್ಲ ಆಗುವ ಮಾತಲ್ಲ ಮಾರಾಯ್ತಿ.”

ಅರ್ಜಿ ಮಡಚಿಟ್ಟೆ. ಮದುವೆಯಾಗಿ ಮಸ್ಕತ್ತಿಗೆ ಬಂದೆ. ಮಗಳು ಹೈಸ್ಕೂಲಿಗೆ ಬಂದ ಮೇಲೆ ಊರಿನ ವಿಳಾಸ ಕೊಟ್ಟು, ಅಪ್ಪನಿಗೆ ತಿಳಿಸದೆ, ದೂರಶಿಕ್ಷಣದ ಬಿ.ಎ.ಗೆ ಸೇರಿದೆ.

ಚರಿತ್ರೆಯ ಪ್ರಾಜೆಕ್ಟಿಗೆ ನನ್ನ ಪಾಲಿಗೆ ಬಂದವನು ಅಮೆರಿಕದ ಎಂಟನೆಯ ಅಧ್ಯಕ್ಷ. ಅವನ ಹೆಸರು ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ನನಗೂ ಗೊತ್ತಿರಲಿಲ್ಲ. ಎರಡು ಪುಟ ಓದುವಷ್ಟರಲ್ಲಿ ನೆಂಟನಂತೆ ಕಂಡ. ಅವನಪ್ಪನೂ ರಸ್ತೆ ಬದಿಯಲ್ಲಿ ಹೋಟೆಲಿಟ್ಟವನು. ಮನೆಮಾತು ಡಚ್, ಇಂಗ್ಲಿಷು ಆಮೇಲೆ ಕಲಿತದ್ದು, ನಮ್ಮ ತುಳುವಿನ ಮೇಲೆ ಕನ್ನಡ ಬಂದು ಕೂತ ಹಾಗೆ. ಕಾಲೇಜಿಗೆ ಹೋಗದೆ ವಕೀಲನಾದ. ಅಧ್ಯಕ್ಷನಾಗಿದ್ದಾಗ ನಮ್ಮ ಈ ಮಸ್ಕತ್ತಿನ ಸುಲ್ತಾನರು ಹಡಗಿನಲ್ಲಿ ಕಳಿಸಿದ ಕುದುರೆ, ಮುತ್ತುಗಳನ್ನು ತನಗೆಂದು ಇಟ್ಟುಕೊಳ್ಳಲಿಲ್ಲ. ಅಮೆರಿಕದ ಮೂಲನಿವಾಸಿಗಳನ್ನು ಅವರ ನೆಲದಿಂದ ಓಡಿಸಿದ ಕಳಂಕವೂ ಅವನ ಮೇಲಿದೆ. ನೆಂಟನೆಂದು ಅದನ್ನು ಮುಚ್ಚಿಡಲಿಲ್ಲ, ಬರೆದೆ.

ಮೌಖಿಕ ಪರೀಕ್ಷೆ ಆನ್‌ಲೈನಿನಲ್ಲಿ, ಇಂಗ್ಲಿಷಿನಲ್ಲಿ. ಅಲ್ಲಿ ಎಡವಿದರೆ ಡಿಗ್ರಿ ಇಲ್ಲ. ಮಗಳು ಬಾಗಿಲ ಸಂದಿಯಿಂದ, “ಸ್ಲೋ ಆಗಿ ಮಾತಾಡು ಅಮ್ಮ,” ಎಂದಳು. ಆ ಅಧ್ಯಕ್ಷ ರಾಜಕೀಯ ಕಲಿತದ್ದು ಎಲ್ಲಿ ಎಂದು ಪರೀಕ್ಷಕಿ ಕೇಳಿದರು. ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು.

“ಅಪ್ಪನ ಹೋಟೆಲಿನಲ್ಲಿ. ಲೋಟ ಎತ್ತುವ ಮಕ್ಕಳನ್ನು ಯಾರೂ ಗಮನಿಸುವುದಿಲ್ಲ. ಹಾಗಾಗಿ ಅವರಿಗೆ ಎಲ್ಲ ಕೇಳಿಸುತ್ತದೆ,” ಎಂದೆ, ನನ್ನ ಹರುಕು ಇಂಗ್ಲಿಷಿನಲ್ಲಿ.

“ಇದು ಯಾವ ಪುಸ್ತಕದಲ್ಲಿದೆ?”

“ಪುಸ್ತಕದಲ್ಲಿಲ್ಲ ಮೇಡಂ. ನಮ್ಮ ಹೋಟೆಲಿನಲ್ಲಿತ್ತು.”

ಅವರು ನಕ್ಕರು. ಪಾಸಾದೆ.

ನಿನ್ನೆ ಅಪ್ಪ ವಿಸಿಟ್ ವೀಸಾದಲ್ಲಿ ಬಂದಿಳಿದರು. ಇವತ್ತು ನಾನು ಹಾಲಿಟ್ಟ ಹೊತ್ತಿಗೆ ಚೀಲದಿಂದ ಉಪ್ಪಿನಕಾಯಿ, ಹಪ್ಪಳ, ಆಮೇಲೆ ಒಂದು ದಪ್ಪ ಕವರು ತೆಗೆದರು. “ನಿನ್ನ ಹೆಸರಿಗೆ ಬಂದದ್ದು. ಎಂತದೋ ಗೊತ್ತಿಲ್ಲ, ಒಡೆಯಲಿಲ್ಲ,” ಎಂದು ಕೈಗಿಟ್ಟರು. ಹಾಲು ಉಕ್ಕಿದ್ದು ಆಗಲೇ.

ಒಡೆದು, ಒಳಗಿದ್ದ ಸರ್ಟಿಫಿಕೇಟನ್ನು ಅವರಿಗೇ ಕೊಟ್ಟೆ. ಹೆಗಲ ಮೇಲಿನ ಬೈರಾಸಿಗೆ ಎರಡು ಸಲ ಕೈ ಒರೆಸಿಕೊಂಡು ತೆಗೆದುಕೊಂಡರು. ಒಲೆ ಒರೆಸುತ್ತ ನಾನು ಅಧ್ಯಕ್ಷನ ಕಥೆಯನ್ನೆಲ್ಲ ಹೇಳಿದೆ. ಹಾಲಿನ ವಿಷಯ ಇಬ್ಬರೂ ಎತ್ತಲಿಲ್ಲ.

“ಅವನಪ್ಪ, ಆ ಹೋಟೆಲಿನವ, ಮಗ ಅಧ್ಯಕ್ಷ ಆದದ್ದು ನೋಡಿದ್ದಾನಾ?”

“ಇಲ್ಲಪ್ಪ. ಅಷ್ಟರಲ್ಲಿ ತೀರಿಹೋಗಿದ್ದ.”

ಅಪ್ಪ ಸರ್ಟಿಫಿಕೇಟಿನಲ್ಲಿದ್ದ ನನ್ನ ಹೆಸರಿನ ಮೇಲೆ ಬೆರಳಿಟ್ಟರು.

“ಪಾಪ,” ಎಂದರು. “ನಾನು ನೋಡಿದೆ ಮಗಾ.”