ಮಾಣಿಕಪ್ಪನವರ ಜೋಡಿ ಪೆಟ್ಟಿಗೆ

ಮೊದಲಿಗೆ ಕ್ಷಮೆ ಕೇಳಬೇಕು. ಅಕ್ಷರ ಚೆನ್ನಾಗಿಲ್ಲ, ಎಷ್ಟು ಜತನ ಮಾಡಿದರೂ ಗೆರೆ ಬಿಟ್ಟು ಕೆಳಗೆ ಜಾರುತ್ತದೆ. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟದ್ದರಿಂದ ಮಾತುಗಳೂ ಸಾಲುವುದಿಲ್ಲ. ಆದರೆ ಇಲ್ಲಿರುವುದನ್ನೆಲ್ಲ ಅನಸುಬಾಯಿಯವರನ್ನು ಎರಡೆರಡು ಸಲ ಕೇಳಿಯೇ ಬರೆದದ್ದು.

ಅನಸುಬಾಯಿಯವರ ಗಂಡ ಮಾಣಿಕಪ್ಪನವರದು ಶಹಾಬಾದಿನ ಬಸವಂತರಾಯರ ಫರಸಿ ಯಾರ್ಡಿನಲ್ಲಿ, ಅಂದರೆ ಹಾಸುಗಲ್ಲಿನ ಯಾರ್ಡಿನಲ್ಲಿ, ಕಲ್ಲು ಕೇಳುವ ಕೆಲಸ. ಪಾಲಿಶ್‌ಗೆ ಹೋಗುವ ಮೊದಲು ಪ್ರತಿ ಫರಸಿಯನ್ನೂ ಒರಗಿಸಿ ನಿಲ್ಲಿಸುತ್ತಾರೆ. ಮಾಣಿಕಪ್ಪನವರು ಸಣ್ಣ ಸುತ್ತಿಗೆಯಿಂದ ಒಂದೇ ಸಲ ತಟ್ಟುತ್ತಾರೆ. ‘ಟಣ್’ ಎಂದರೆ ಕಲ್ಲು ಗಟ್ಟಿ. ‘ಬದ್’ ಎಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಸೀಳು. ಅವರು ಬೇಡವೆಂದ ಕಲ್ಲನ್ನು ಬಸವಂತರಾಯರು ಮೂವತ್ತೈದು ವರ್ಷಗಳಲ್ಲಿ ಒಮ್ಮೆಯೂ ತಿರುಗಿ ನೋಡಿದವರಲ್ಲ.

ಇಂಥ ಕಿವಿಗೆ ತಕ್ಕ ಸಾಮಾನು ಮನೆಯಲ್ಲೂ ಇತ್ತು. ಯಾವುದೋ ಕ್ಲಬ್ಬಿನ ಸಾಮಾನು ಹರಾಜಾದಾಗ ತಂದ ಒಂದು ಜೊತೆ ಸ್ಪೀಕರ್. ಸಾಗವಾನಿಯ ಪೆಟ್ಟಿಗೆ, ಮುಂದೆ ಕಂದು ಬಟ್ಟೆ, ಒಳಗೆ ಊಟದ ತಟ್ಟೆಯಷ್ಟು ಅಗಲದ ಕಾಗದದ ಕೋನು. ಎತ್ತರ ಸೊಂಟದವರೆಗೆ. ಅವುಗಳಲ್ಲಿ ಹಾಡುವುದು ಹೆಚ್ಚಾಗಿ ಒಂದೇ ಕ್ಯಾಸೆಟ್ಟು. ಇಪ್ಪತ್ತೆಂಟು ವರ್ಷದ ಹಿಂದೆ ಓಣಿಯ ಭಜನೆ ಮಂಡಳಿ ಇದೇ ಮನೆಯಲ್ಲಿ ಹಾಡಿದ್ದು. ಮುಂದೆ ಅನಸುಬಾಯಿಯವರ ದನಿ, ಹಿಂದೆ ಮಾಣಿಕಪ್ಪನವರ ತಾಳ. ತಗ್ಗಿನ ದನಿ ಬಂದಾಗಲೆಲ್ಲ ಹಾಡಿನ ಅಡಿಯಲ್ಲಿ ‘ಗುರ್ರ್’ ಎಂದು ಒಂದು ಮೊರೆತ ಕೇಳುತ್ತಿತ್ತು. ಆಗ ಮಾಣಿಕಪ್ಪನವರು ಕಣ್ಣು ಮುಚ್ಚಿ ಬೆರಳೆತ್ತುತ್ತಿದ್ದರು. “ಕೇಳ್ರಿ, ಇದು ಸಾಗವಾನಿ ದನಿ. ಕಟಗಿ ಹಾಡ್ಲಿಕತ್ತದ.”

ಅನಸುಬಾಯಿಯವರಿಗೆ ಅವುಗಳ ಉಪಯೋಗ ಬೇರೆ. ಎಡಗಡೆಯ ಪೆಟ್ಟಿಗೆಯ ಮೇಲೆ ಹಪ್ಪಳದ ತಗಡಿನ ಡಬ್ಬಿ, ಬಲಗಡೆಯದರ ಮೇಲೆ ಮಡಚಿದ ಬಟ್ಟೆ.

ಈ ಬೇಸಿಗೆಯಲ್ಲಿ ಸೇಡಂನಿಂದ ಅಳಿಯ ಅಶೋಕಕುಮಾರ ಬಂದರು. ಬಗಲಲ್ಲಿ ಹೊಸ ಸೌಂಡ್‌ಬಾರ್. ಎರಡು ಮೊಳ ಉದ್ದ, ಗೇಣಿನಷ್ಟೂ ಎತ್ತರವಿಲ್ಲ. ಹಳೆಯ ಪೆಟ್ಟಿಗೆಗಳ ಹಿಂದಿನ ಗೋಡೆಯ ಫರಸಿ ಕಪಾಟಿನಲ್ಲಿ ಅದನ್ನಿಟ್ಟು ಮೊಬೈಲು ಒತ್ತಿದರೆ ಹಾಡು ಬಂತು.

“ಹ್ಯಾಂಗದ ಮಾಮಾ?”

“ಚಂದ ಅದ ಅಳ್ಯಾರ. ಆದ್ರ ಭಾಳ ತೊಳದು ಬಿಟ್ಟಾರ. ಹಾಡಿಗಿ ಸಾಬೂನು ಹಚ್ಚಿ ತಿಕ್ಕಿದಂಗ ಅದ.”

“ಕಣ್ಣು ಮುಚ್ಚಿ ಕುಂತ್ರ ನಿಮಗ ಫರಕ್ ಗೊತ್ತಾಗಂಗಿಲ್ಲ ನೋಡ್ರಿ.”

ರೊಟ್ಟಿ ಬಡಿಯುತ್ತಿದ್ದ ಅನಸುಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. “ಪಂಥ ಆಗೇ ಬಿಡ್ಲಿ. ಇವ್ರು ಖರೇ ಹೇಳಿದ್ರ ಪೆಟ್ಟಿಗಿ ಇಲ್ಲೇ ಇರ್ಲಿ. ತಪ್ಪಿದ್ರ ಖಾಜಾನ ಗುಜರಿ ಗಾಡಿಗಿ ಹಾಕ್ತೀನಿ. ಆ ಮೂಲ್ಯಾಗ ನನ್ನ ಹೊಲಿಗಿ ಮಷೀನ್ ಇಡ್ತೀನಿ. ಬೀಗರು ಬಂದು ಹೋಗ್ದಂಗ ಕುಂತಾವ, ಎರಡೂ!”

ಎದುರಿಗೆ ಅಳಿಯ ಇರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಅಳಿಯ ನಕ್ಕರು.

“ಕಲ್ಲಿನ ಹೊಟ್ಟ್ಯಾಗಿಂದು ಕೇಳೋ ಮನುಷ್ಯಾ ನಾ. ಹಚ್ರಿ!” ಎಂದರು ಮಾಣಿಕಪ್ಪನವರು. ಬಾಯಲ್ಲಿ ಧೈರ್ಯವಿತ್ತು, ಹೊಟ್ಟೆಯಲ್ಲಿರಲಿಲ್ಲ. ವಯಸ್ಸು ಅರವತ್ತೆರಡು. ಎರಡು ತಿಂಗಳಿಂದ ಹೆಂಡತಿ ಕರೆದದ್ದು ಒಮ್ಮೊಮ್ಮೆ ಕೇಳಿಸುತ್ತಿರಲಿಲ್ಲ. ಕೇಳಿಸದಂತೆ ಇದ್ದೆನೋ, ನಿಜಕ್ಕೂ ಕೇಳಿಸಲಿಲ್ಲವೋ ಎಂದು ಅವರಿಗೇ ಅನುಮಾನ. ಕಿವಿ ಹೋದರೆ ಯಾರ್ಡಿನಲ್ಲಿ ಅವರಿಗೆ ಬೇರೆ ಕೆಲಸವಿಲ್ಲ. ಈ ಅಂಜಿಕೆಯನ್ನು ಯಾರ ಮುಂದೂ ಆಡಿರಲಿಲ್ಲ.

ಎದುರಿನ ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕುಳಿತರು. ಅವರ ಬೆನ್ನ ಹಿಂದೆ ಅನಸುಬಾಯಿ ಹಳೆಯ ಪೆಟ್ಟಿಗೆಗಳ ಮೇಲಿನ ಸಾಮಾನು ಇಳಿಸಿದರು. ಬಟ್ಟೆಯನ್ನು ಮಂಚದ ಮೇಲೆ, ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟು ಧೂಳು ಒರೆಸಿದರು. ಕ್ಯಾಸೆಟ್ಟಿನ ಭಜನೆಯನ್ನು ಮೊಬೈಲಿಗೆ ಇಳಿಸಿಕೊಂಡಿದ್ದ ಅಶೋಕಕುಮಾರ, ಒಮ್ಮೆ ಹಳೆಯದರಲ್ಲಿ, ಒಮ್ಮೆ ಹೊಸದರಲ್ಲಿ, ತಮಗೆ ತೋಚಿದ ಸರದಿಯಲ್ಲಿ ಐದು ಸಲ ಹಚ್ಚಿದರು.

ಮಾಣಿಕಪ್ಪನವರು ತಡವರಿಸಲೇ ಇಲ್ಲ. ಗುರ್ರ್ ಎಂದಾಗ “ಹಳೇದು”, ಎನ್ನದಾಗ “ಹೊಸಾದು”. ಹಾಡು ಅರ್ಧ ಸಾಲು ಮುಗಿಯುವುದರೊಳಗೆ ಉತ್ತರ. ಐದನೆಯದನ್ನು ಹೇಳಿ, ಮೀಸೆ ತಿರುವಿ ಈ ಕಡೆ ತಿರುಗಿದರು.

ಅಳಿಯನ ಮುಖ ಸಣ್ಣದಾಗಿತ್ತು. “ಮಾಮಾ, ಐದಕ್ಕ ಐದೂ ತಪ್ಪು.”

ಅಂದು ಮಾಣಿಕಪ್ಪನವರು ಎರಡನೆಯ ರೊಟ್ಟಿಗೆ ಕೈ ಚಾಚಲಿಲ್ಲ. ಅನಸುಬಾಯಿ ಬೇಕೆಂದೇ ಎರಡು ಸಲ ಜಗಳ ತೆಗೆದರು. ಎರಡು ಸಲವೂ ಮಾಣಿಕಪ್ಪನವರು ಎದ್ದು ಅಂಗಳಕ್ಕೆ ಹೋದರು. ಖಾಜಾನಿಗೆ ಫೋನು ಮಾಡಲು ಅನಸುಬಾಯಿಗೆ ಮನಸ್ಸಾಗಲಿಲ್ಲ.

ಮರುದಿನ ಯಾರ್ಡಿನಲ್ಲಿ ಒಂದೊಂದು ಕಲ್ಲಿಗೂ ನಾಲ್ಕು ಏಟು, ಐದು ಏಟು. ಕೊನೆಗೆ ಬಸವಂತರಾಯರೇ ಎದ್ದು ಬಂದರು.

“ಮಾಣಿಕಪ್ಪ, ಕಲ್ಲು ಕೇಳ್ಲಿಕತ್ತೀರೋ, ಯಾರ್ದರೆ ಬಾಗಲಾ ಬಡೀಲಿಕತ್ತೀರೋ?”

“ಸಾವ್ಕಾರ್ರೆ, ನನ್ನ ಕಿವಿ ಹೋಗ್ಯಾವ್ರಿ.” ಮಾಣಿಕಪ್ಪನವರು ಸುತ್ತಿಗೆ ಕೆಳಗಿಟ್ಟು ಪಂಥದ ಕತೆಯನ್ನೆಲ್ಲ ಹೇಳಿದರು.

ಬಸವಂತರಾಯರು ಎಲೆ ಅಡಿಕೆ ಜಗಿಯುತ್ತ ಕೇಳಿದರು. “ಐದೂ ತಪ್ಪು? ಒಂದರೆ ಖರೇ ಬರ್ಲಿಲ್ಲ?”

“ಒಂದೂ ಇಲ್ರಿ.”

“ಅಲ್ರೀ, ಪೂರಾ ಕಿವುಡ ಹೇಳಿದ್ರೂ ಎರಡು ಮೂರು ಸುಮ್ಮ್‌ಸುಮ್ಮನೆ ಖರೇ ಬೀಳ್ತಾವ. ಐದೂ ತಪ್ಪಬೇಕಂದ್ರ ಕಿವಿ ಭಾಳ ಚುರುಕು ಇರಬೇಕು. ಫರಕ್ ನಿಮಗ ಪ್ರತಿ ಸಲ ಸಿಕ್ಕದ. ಹೆಸರು ಅದಲಬದಲ ಇಟ್ಟೀರಿ, ಅಷ್ಟೇ. ಮನಿಗಿ ಹೋಗಿ ಯಾಕಂತ ನೋಡ್ರಿ. ನನ್ನ ಕಲ್ಲು ಒಡೀಬ್ಯಾಡ್ರಿ.”

ಮಾಣಿಕಪ್ಪನವರು ಸುತ್ತಿಗೆ ಹಿಡಿದೇ ಮನೆಗೆ ಬಂದು ಬಸವಂತರಾಯರ ಮಾತನ್ನು ಹೇಳಿದರು. “ಅಳ್ಯಾರ, ಹೊಸಾದು ಹಚ್ರಿ.”

ಗುರ್ರ್ ಎಂದಿತು. ಕಪಾಟಿಗೆ ಕಿವಿ ಕೊಟ್ಟು ಅಂಚಿನುದ್ದಕ್ಕೂ ತಟ್ಟುತ್ತ ಹೋದರು. ಫರಸಿ ಟಣ್, ಟಣ್, ಟಣ್. ತುದಿಯಲ್ಲಿ ಹಪ್ಪಳದ ಡಬ್ಬಿ. ಅದರ ಸಡಿಲ ಮುಚ್ಚಳದ ಮೇಲೆ ಅಂಗೈ ಇಟ್ಟರು. ಮೊರೆತ ನಿಂತಿತು. ಕೈ ತೆಗೆದರು, ಮತ್ತೆ ಗುರ್ರ್. ಡಬ್ಬಿಯನ್ನು ಹಳೆಯ ಪೆಟ್ಟಿಗೆಯ ಮೇಲೆ ಇಟ್ಟು, ಅದನ್ನು ಹಚ್ಚಿಸಿದರು. ಮೊರೆತ ಅಲ್ಲಿಗೆ ಬಂತು. ಡಬ್ಬಿ ಎತ್ತಿದರು. ಹಳೆಯ ಪೆಟ್ಟಿಗೆ ಕೆಮ್ಮಿಲ್ಲದೆ ಹಾಡತೊಡಗಿತು.

ಮಾಣಿಕಪ್ಪನವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. “ಇಷ್ಟು ವರ್ಷ ಹಾಡಿದ್ದು ಸಾಗವಾನಿ ಅಲ್ಲ, ಹಪ್ಪಳ.”

ಅನಸುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. “ಅದಕ್ಕ ನಾ ಅಂತಿದ್ದೆ, ಮುಚ್ಚಿಟ್ಟ ಹಪ್ಪಳ ಯಾಕ ಚೂರ್ ಚೂರ್ ಆಗ್ತಾವಂತ!”

ಮಾಣಿಕಪ್ಪನವರಿಗೂ ನಗು ಬಂತು. ಕಿವಿ ಹೋಗಿರಲಿಲ್ಲವಲ್ಲ. ಆದರೆ ಮಾತಿನ ಮನುಷ್ಯ. “ಪಂಥ ಸೋತೀನಿ. ಖಾಜಾಗ ಕರೀ.”

ಅನಸುಬಾಯಿ ಕರೆಯಲಿಲ್ಲ. “ಒಮ್ಮಿ ಇದ್ರಾಗ, ಒಮ್ಮಿ ಅದ್ರಾಗ ಹಚ್ರಿ” ಎಂದು ಅಳಿಯನಿಗೆ ಹೇಳಿ ನಡುವೆ ನಿಂತರು. ಹೊಸದರಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಕೇಳಿತು. ಉಸಿರು, ಬಳೆ, ಹೊರಗೆ ಹೋದ ಲಾರಿ, ಎರಡನೆಯ ನುಡಿಯಲ್ಲಿ ಅರ್ಧ ಹೆಜ್ಜೆ ಹಿಂದೆ ಬಿದ್ದ ತಾಳ. ಹಳೆಯದರಲ್ಲಿ ತಾಳ ಹಿಂದೆ ಬಿದ್ದದ್ದು ತಿಳಿಯಲಿಲ್ಲ. ಅನಸುಬಾಯಿಯವರ ದನಿ ಮಾತ್ರ ಎದೆಮಟ್ಟದಲ್ಲಿ, ತುಂಬಿಕೊಂಡು ಬಂತು.

“ಸುದ್ದಿ ಬಾತ್ಮಿ ಕೇಳ್ಲಿಕ ಹೊಸಾದು ಇರ್ಲಿ. ನಿಮ್ಮ ತಾಳ ಎಲ್ಲಿ ತಪ್ಪತದಂತ ಅಳ್ಯಾರಿಗಿ ಗೊತ್ತಾಗೋದು ಬ್ಯಾಡ. ಭಜನಿಗಿ ಇವೇ ಇರ್ಲಿ.”

“ನನ್ನ ತಾಳ ಯಾವಾಗ ತಪ್ಪ್ಯದ?”

“ಕೇಳಿಸ್ಲಿಲ್ಲೇನು? ಕಿವಿ ಚುರುಕು ಅವ ಅಂತ ಸಾವ್ಕಾರ್ರು ಅಂದ್ರಲ್ಲ!”

ಈಗ ಎರಡು ಪೆಟ್ಟಿಗೆಗಳ ನಡುವೆ ಹೊಲಿಗೆ ಮಷೀನು ಕುಳಿತಿದೆ. ಯಾರ್ಡಿನಲ್ಲಿ ಮಾಣಿಕಪ್ಪನವರು ಮತ್ತೆ ಒಂದು ಕಲ್ಲಿಗೆ ಒಂದೇ ಏಟು ಹಾಕುತ್ತಾರೆ. ಸೋಮವಾರ ಸಂಜೆ ಕ್ಯಾಸೆಟ್ಟು ಹಚ್ಚುವಾಗ ಮಾತ್ರ ಅಡುಗೆಮನೆಯಿಂದ ಡಬ್ಬಿ ತಂದು ಎಡಗಡೆಯ ಪೆಟ್ಟಿಗೆಯ ಮೇಲೆ ಇಡುತ್ತಾರೆ. ಹಪ್ಪಳ ತೆಗೆದು ಖಾಲಿ ಡಬ್ಬಿಯನ್ನೇ ಇಡಬೇಕು; ಅದು ಅನಸುಬಾಯಿಯವರ ಕರಾರು.

ನಾಳೆ ಇದನ್ನು ಅವರಿಬ್ಬರಿಗೂ ಓದಿ ಹೇಳಿ, ಅವರು ತಪ್ಪೆಂದದ್ದನ್ನು ತಿದ್ದಿ, ಬೇರೆ ಹಾಳೆಯಲ್ಲಿ ಗೆರೆ ಎಳೆದು ಮತ್ತೊಮ್ಮೆ ಬರೆಯುತ್ತೇನೆ.