ಗುರುಸಿದ್ದಮ್ಮ ಎಸೆದ ರೊಟ್ಟಿ

ನಮ್ಮ ಕನ್ನಡ ಕೂಟದ ದೀಪಾವಳಿ ಊಟಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಕಸದ ಡಬ್ಬಿಯ ಪಕ್ಕ ಇಳಕಲ್ ಸೀರೆ ಉಟ್ಟ ಒಬ್ಬರು ನಿಂತಿರುತ್ತಾರೆ, ತಟ್ಟೆ ಖಾಲಿ ಮಾಡಿಕೊಂಡೇ ಆ ಕಡೆ ಹೋಗಿ. ಅವರೇ ಗುರುಸಿದ್ದಮ್ಮ. ಆ ಕೆಲಸಕ್ಕೆ ಅವರನ್ನು ಯಾರೂ ನೇಮಿಸಿಲ್ಲ. ಬಾಯಿಬಿಟ್ಟು ಬೈಯುವುದೂ ಇಲ್ಲ. ನಿಮ್ಮ ತಟ್ಟೆಯನ್ನು ಒಮ್ಮೆ, ನಿಮ್ಮ ಮುಖವನ್ನು ಒಮ್ಮೆ ನೋಡುತ್ತಾರೆ, ಅಷ್ಟೆ. ಒಂದು ವರ್ಷ ನಾನು ಅರ್ಧ ಹೋಳಿಗೆಯನ್ನು ಪೇಪರ್ ನ್ಯಾಪ್‌ಕಿನ್ನಿನೊಳಗೆ ಮುಚ್ಚಿ ಸಾಗಿಸಲು ಹೋಗಿ ಸಿಕ್ಕಿಬಿದ್ದೆ. "ಅಣ್ಣಾರ, ನಿಮ್ಮ ನ್ಯಾಪ್‌ಕಿನ್ ಭಾಳ ದಪ್ಪ ಕಾಣ್ತದಲ್ಲ?" ಅಂದರು. ಟೆಲಿಕಾಂ ಕಂಪನಿಯಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದ ನಾನು, ಈ ಕೃಷ್ಣಮೂರ್ತಿ, ಮೈಸೂರಿನ ಮರ್ಯಾದಸ್ಥ ಮನೆತನದವನು, ಕಸದ ಡಬ್ಬಿಯ ಪಕ್ಕ ನಿಂತು ಆ ಹೋಳಿಗೆ ನುಂಗಿದೆ.

ಅಮೆರಿಕದ ಈ ಪಿಸ್ಕಾಟವೇಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಗದಗಿನ ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದಮೇಲೆ ಕಮ್ಯೂನಿಟಿ ಕಾಲೇಜಿಗೆ ಹೋಗಿ ಎಕ್ಸ್‌ರೇ ತೆಗೆಯುವ ಕೆಲಸ ಕಲಿತರು. ದಿನಾ ಬಾಸ್ಕಿಂಗ್ ರಿಡ್ಜ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ಒಂದು ಮೂಳೆ ಕ್ಲಿನಿಕ್ಕಿನಲ್ಲಿ ಮುರಿದ ಕೈಕಾಲುಗಳ ಚಿತ್ರ ತೆಗೆಯುತ್ತಾರೆ. ಗಂಡ ಪಂಚಾಕ್ಷರಿ ಪ್ರಿನ್ಸ್‌ಟನ್ ಹತ್ತಿರ ಔಷಧಿ ಕಂಪನಿಯಲ್ಲಿದ್ದಾರೆ. ಬಹಳ ಮೃದು ಮನುಷ್ಯ, ಮಾತು ಕಡಿಮೆ. ಮನೆಯಲ್ಲಿ ಮಾತಿನ ಕೋಟಾ ಪೂರ್ತಿ ಹೆಂಡತಿಯದು.

ಆ ಮನೆಯಲ್ಲಿ ಏನೂ ಹಾಳಾಗುವುದಿಲ್ಲ. ಪ್ಲಾಸ್ಟಿಕ್ ಚೀಲಗಳನ್ನು ತೊಳೆದು ನಲ್ಲಿಯ ಮೇಲೆ ಒಣಗಿಸುತ್ತಾರೆ. ಬ್ರೆಡ್ಡಿನ ಅಂಚು ಉಪ್ಪಿಟ್ಟಾಗುತ್ತದೆ. ಊಟ ಮುಗಿದ ಮೇಲೆ ತಟ್ಟೆಗೆ ಸ್ವಲ್ಪ ನೀರು ಹಾಕಿ, ಬೆರಳಿನಿಂದ ಸುತ್ತಲೂ ಒರೆಸಿ, ಆ ನೀರನ್ನೂ ಕುಡಿಯುತ್ತಾರೆ. ಅದು ಅವರ ಹಿರಿಯರಿಂದ ಬಂದ ಆಚಾರ. ತಟ್ಟೆಯಲ್ಲಿರುವುದು ಪ್ರಸಾದ, ಅದರಲ್ಲಿ ಒಂದು ಅಗುಳೂ ಚೆಲ್ಲುವ ಹಾಗಿಲ್ಲ. ಮಗ ಅರ್ಣವ್ ನೆಟ್ಟಗೆ ಕೂರುವುದನ್ನು ಕಲಿಯುವ ಮೊದಲೇ ತಟ್ಟೆ ತೊಳೆದು ಕುಡಿಯುವುದನ್ನು ಕಲಿತ ಅಂತ ನಾನು ರೇಗಿಸುತ್ತಿದ್ದೆ.

ಈ ಅರ್ಣವ್ ಬೆಳೆದ ನೋಡಿ, ಅಬ್ಬಬ್ಬಾ! ಅಪ್ಪನಿಗಿಂತ ಒಂದು ಗೇಣು ಎತ್ತರ, ಜೊತೆಗೆ ಕಲ್ಲು ಬೀಸಿದರೆ ಮೂರು ಮನೆ ದಾಟಿಸುವ ತೋಳು. ಪಂಚಾಕ್ಷರಿ ಪಾಪ ಕ್ರಿಕೆಟ್ ಬ್ಯಾಟ್ ತಂದುಕೊಟ್ಟರು. ಹುಡುಗ ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲಿಗೆ ಸೇರಿಕೊಂಡ. ಮುಂದೆ ಇಲ್ಲಿಂದ ಒಂದು ಗಂಟೆ ದೂರದ ಸಣ್ಣ ಕಾಲೇಜಿನ ತಂಡದಲ್ಲಿ ಚೆಂಡು ಎಸೆಯುವ ಮೂರನೇ ಕ್ವಾರ್ಟರ್‌ಬ್ಯಾಕ್ ಆದ. ಮೂರನೇ ಅಂದರೆ ಬೆಂಚು ಬಿಸಿ ಮಾಡುವವನು. ತಾಯಿಗೆ ಅದಕ್ಕಿಂತ ನೆಮ್ಮದಿ ಬೇರೆ ಇರಲಿಲ್ಲ. "ಕುಂತು ಕುಂತ ಡಿಗ್ರಿ ಮುಗಸ್ಲಿ" ಅನ್ನುತ್ತಿದ್ದರು.

ಕಳೆದ ಅಕ್ಟೋಬರಿನಲ್ಲಿ ಆ ನೆಮ್ಮದಿ ಕೆಟ್ಟಿತು. ಮೊದಲನೆಯವನ ಮೊಣಕಾಲು ಹೋಯಿತು, ಎರಡನೆಯವನು ಬೇರೆ ಕಾಲೇಜಿಗೆ ಹೊರಟುಹೋದ. ಒಂದು ಶನಿವಾರ ಆಟದ ಅರ್ಧದಲ್ಲಿ ಮೈದಾನಕ್ಕೆ ಅರ್ಣವ್‌ನನ್ನು ಇಳಿಸಿದರು. ನಾನು, ಗುರುಸಿದ್ದಮ್ಮ ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಈ ಆಟವನ್ನು ಟಿವಿಯಲ್ಲಿ ನೋಡಿ ನೋಡಿ ಅರೆದು ಕುಡಿದವನು ನಾನು, ಆದ್ದರಿಂದ ವಿವರಣೆ ನನ್ನದು. ಕ್ವಾರ್ಟರ್‌ಬ್ಯಾಕ್ ಕೈಗೆ ಚೆಂಡು ಬಂದ ಕೂಡಲೇ ಎದುರಿನ ಡಿಫೆನ್ಸಿನವರು ಅವನ ಮೇಲೆ ನುಗ್ಗುತ್ತಾರೆ. ಅಷ್ಟರೊಳಗೆ ಅವನು ಚೆಂಡನ್ನು ಪಕ್ಕದವನ ಕೈಗೆ ಕೊಡಬೇಕು, ಇಲ್ಲ ಮುಂದೆ ಓಡುತ್ತಿರುವ ತನ್ನವರಿಗೆ ಎಸೆಯಬೇಕು. ಎರಡೂ ಆಗದಿದ್ದರೆ ಚೆಂಡಿನ ಸಮೇತ ನೆಲಕ್ಕೆ ಬೀಳಬೇಕು.

ಅವತ್ತು ಅರ್ಣವ್ ಬಿದ್ದ. ಎದ್ದ, ಮತ್ತೆ ಬಿದ್ದ. ಚೆಂಡು ಹಿಡಿದುಕೊಂಡು ಯಾರಿಗೋ ಕಾಯುತ್ತಾ ನಿಲ್ಲುತ್ತಿದ್ದ, ಎಮ್ಮೆಯಂಥ ಹುಡುಗರು ಬಂದು ಕೆಡವುತ್ತಿದ್ದರು. ಒಂದೊಂದು ಸಲ ಬಿದ್ದಾಗಲೂ ಗುರುಸಿದ್ದಮ್ಮ ಒಂದೊಂದು ಮೂಳೆಯ ಹೆಸರು ಹೇಳುತ್ತಿದ್ದರು. ಕ್ಲಾವಿಕಲ್. ರೇಡಿಯಸ್. ಪಕ್ಕೆಲುಬು. ನಾನು ಸಮಾಧಾನ ಹೇಳಲು ಹೋದರೆ, "ನೀವು ಸುಮ್ನ ಕೂಡ್ರಿ ಅಣ್ಣಾರ. ಇವೆಲ್ಲ ಮುರದ್ರ ಹೆಂಗ ಕಾಣ್ತಾವಂತ ನಾ ದಿನಾ ನೋಡ್ತೀನಿ" ಅಂದರು.

ಏನೂ ಮುರಿಯಲಿಲ್ಲ, ಪುಣ್ಯ. ಆದರೆ ಎಡಭುಜ ಬಾತುಕೊಂಡು ನಾಲ್ಕು ದಿನ ಕೈ ಎತ್ತಲಾಗಲಿಲ್ಲ. ಮುಂದಿನ ಪಂದ್ಯ ಇಡೀ ಲೀಗಿನಲ್ಲೇ ಅತಿ ಗಟ್ಟಿ ಡಿಫೆನ್ಸ್ ಇದ್ದ ತಂಡದ ಮೇಲೆ. ಅರ್ಣವ್ ಬಿಟ್ಟರೆ ಆಡಲು ಬೇರೆಯವರಿಲ್ಲ. ಗುರುಸಿದ್ದಮ್ಮ ನಮ್ಮ ಅಡಿಗೆಮನೆಗೆ ಬಂದು ಕೂತು ನನ್ನ ಹೆಂಡತಿಯ ಮುಂದೆ ಅತ್ತುಬಿಟ್ಟರು. ಬೇಡ ಅಂದರೆ ಮಗ ಜನ್ಮದಲ್ಲಿ ಕ್ಷಮಿಸುವುದಿಲ್ಲ, ಆಡು ಅಂದರೆ ತಾನು ನಿದ್ದೆ ಮಾಡುವುದಿಲ್ಲ. "ಸೋಲಲಿ ಗೆಲ್ಲಲಿ, ನಂಗೇನಾಗಬೇಕಾಗೇದ? ನನ್ನ ಮಗ ತನ್ನ ಕಾಲ ಮ್ಯಾಲ ನಡಕೋಂತ ಹೊರಗ ಬಂದ್ರ ಸಾಕು" ಅಂದರು.

ಪಂದ್ಯಕ್ಕೆ ಎರಡು ದಿನ ಮುಂಚೆ ಅರ್ಣವ್ ಸಂಜೆ ಊಟಕ್ಕೆ ಮನೆಗೆ ಬಂದ. ನನ್ನನ್ನೂ ಕರೆದಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಾನು ತಟ್ಟೆಗೆ ಕೈ ಹಾಕುವ ಮೊದಲೇ ಕೇಳಿದೆ, "ಏನಪ್ಪಾ ನಿಮ್ಮ ಕೋಚ್ ಪ್ಲಾನು?"

"ಕೀಪ್ ಇಟ್ ಸಿಂಪಲ್, ಅಂಕಲ್," ಅಂದ. ಅರ್ಧ ಇಂಗ್ಲಿಷ್, ಕಾಲು ಕನ್ನಡ, ಕಾಲು ಕೈಸನ್ನೆಯಲ್ಲಿ ವಿವರಿಸಿದ. ಅನುಭವ ಇಲ್ಲದ ಹುಡುಗನಿಗೆ ಕೋಚ್ ಆಟವನ್ನು ಹಗುರ ಮಾಡಿದ್ದರು. ಹೆಚ್ಚು ಸಲ ಓಡುವವನ ಕೈಗೆ ಚೆಂಡು ಕೊಟ್ಟುಬಿಡುವುದು. ಎಸೆಯುವುದಾದರೆ ಹತ್ತಿರಕ್ಕೆ, ಬೇಗ. ಒಂದು ಪಕ್ಕಕ್ಕೆ ಓಡಿಕೊಂಡೇ ಎಸೆಯುವುದು, ಆಗ ಅರ್ಧ ಮೈದಾನ ನೋಡಿದರೆ ಸಾಕು. ಮೊದಲನೆಯವನು ಖಾಲಿ ಇಲ್ಲವೇ, ಎರಡನೆಯವನನ್ನು ನೋಡು. ಅವನೂ ಇಲ್ಲವೇ, ಗೆರೆಯಾಚೆ ಯಾರಿಗೂ ಸಿಗದ ಕಡೆ ಎಸೆದು ಕೈತೊಳೆದುಕೋ. ಚೆಂಡು ಹೊರಗೆ ಬಿತ್ತು, ಆ ಒಂದು ಸರದಿ ಹೋಯಿತು, ಮುಂದಿನದು ಮೊದಲಿನ ಜಾಗದಿಂದಲೇ. ನೆಲಕ್ಕೆ ಬಿದ್ದರೆ ಮಾತ್ರ ಜಾಗವೂ ಹೋಯಿತು, ಮೈಯೂ ಹೋಯಿತು.

"ಚಿನ್ನದಂಥ ಪ್ಲಾನು! ಮತ್ತೆ ಹೋದ ವಾರ ಒಂದು ಸಲವೂ ಯಾಕೋ ಹೊರಗೆ ಎಸೀಲಿಲ್ಲ?" ಅಂತ ನಾನು ಏರಿಹೋದೆ. "ಕೈಗೇನು ಅಂಟು ಹಚ್ಚಿಕೊಂಡಿದ್ಯಾ?"

ಹುಡುಗ ತಲೆ ತಗ್ಗಿಸಿದ. "ಐ ಕಾಂಟ್, ಅಂಕಲ್. ಕೋಚ್ ಕೂಡ ಕಿರುಚ್ತಾರೆ. ಪ್ರಾಕ್ಟೀಸಲ್ಲೂ ಆಗಲ್ಲ. ಕೈಯಲ್ಲಿ ಇರೋದನ್ನ ಸುಮ್ನೆ ಎಸೆಯೋದು... ಇಟ್ ಫೀಲ್ಸ್ ರಾಂಗ್."

ನಾನು ಇನ್ನೂ ಹತ್ತು ನಿಮಿಷ ಉಪದೇಶ ಮಾಡಿದೆ. ಇದೊಂದು ಚಟ ನನಗೆ, ಏನು ಮಾಡುವುದು. ಅರ್ಣವ್ ಹೂಂಗುಟ್ಟುತ್ತಾ ಊಟ ಮುಗಿಸಿದ. ತಟ್ಟೆಗೆ ನೀರು ಹಾಕಿಕೊಂಡ, ಬೆರಳಿನಿಂದ ಸುತ್ತಲೂ ಒರೆಸಿದ, ಎತ್ತಿ ಕುಡಿದ.

ಗುರುಸಿದ್ದಮ್ಮ ಅದನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದಿಂದ ದಿನಾ ನೋಡಿದ್ದನ್ನು ಅವತ್ತು ಮೊದಲ ಸಲ ಕಂಡವರ ಹಾಗೆ ನೋಡುತ್ತಿದ್ದರು. ಆಮೇಲೆ ಎದ್ದು, ಹಂಚಿನ ಮೇಲಿದ್ದ ಬಿಸಿ ರೊಟ್ಟಿಯೊಂದನ್ನು ತಂದು ಆ ತೊಳೆದ ತಟ್ಟೆಗೇ ಹಾಕಿದರು.

"ಅಮ್ಮಾ, ಐ ಆ್ಯಮ್ ಫುಲ್."

"ತಿನ್ನಬ್ಯಾಡ. ಹೋಗಿ ಡಬ್ಬ್ಯಾಗ ಒಗದು ಬಾ."

ನಾನು ಕೇಳಿದ್ದು ಸರಿಯೇ ಅಂತ ಪಂಚಾಕ್ಷರಿಯ ಮುಖ ನೋಡಿದೆ. ಅವರು ನನಗಿಂತ ಹೆಚ್ಚು ಗಾಬರಿಯಾಗಿದ್ದರು. ಅರ್ಣವ್ ತಟ್ಟೆ ಹಿಡಿದು ಎದ್ದ. ಕಸದ ಡಬ್ಬಿಯ ತನಕ ಹೋದ, ಮುಚ್ಚಳ ತೆರೆದ, ನಿಂತ. "ನಾಳೆ ತಿಂತೀನಿ ಅಮ್ಮಾ, ಫ್ರಿಜ್ಜಲ್ಲಿಡು," ಅಂದ.

ಗುರುಸಿದ್ದಮ್ಮ ಹೋಗಿ ಅವನ ತಟ್ಟೆಯಿಂದ ರೊಟ್ಟಿ ಎತ್ತಿಕೊಂಡರು. ಒಂದು ಸಲ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ತಮ್ಮ ಕೈಯಾರೆ ಡಬ್ಬಿಯೊಳಕ್ಕೆ ಎಸೆದರು.

"ನೋಡು ತಮ್ಮಾ, ನಾ ಒಗದೆ," ಅಂದರು. "ಮನಿ ಬಿದ್ದಿಲ್ಲ. ದೇವರು ಸಿಟ್ಟಾಗಿಲ್ಲ. ನಿನಗ ಚೆಲ್ಲಬ್ಯಾಡ ಅಂತ ಕಲಿಸಿದಾಕಿ ನಾನ. ಅನ್ನ ಚೆಲ್ಲಬ್ಯಾಡ ಅಂದೆ, ಮೈ ಮುರಕೊ ಅಂದಿಲ್ಲ. ಆ ಚೆಂಡು ಪ್ರಸಾದ ಅಲ್ಲೋ. ಯಾರೂ ಕಾಣಲಿಲ್ಲಂದ್ರ ಒಗದುಬಿಡು."

ನಾನಂತೂ ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಆ ಮನೆಯಿಂದ ಬಂದೆ.

ಶನಿವಾರ ಒಳ್ಳೆ ಬಿಸಿಲಿತ್ತು, ಗಾಳಿ ಮಾತ್ರ ಚುಚ್ಚುತ್ತಿತ್ತು. ಪಂಚಾಕ್ಷರಿ ಕಾರು ಪಾರ್ಕ್ ಮಾಡಿದವರು ಅದರಿಂದ ಇಳಿಯಲಿಲ್ಲ. "ಮುಗಿದ ಮ್ಯಾಲೆ ಫೋನ್ ಮಾಡ್ರಿ," ಅಂದು ಸೀಟು ಹಿಂದಕ್ಕೆ ಮಾಡಿ ಕಣ್ಣು ಮುಚ್ಚಿಕೊಂಡರು. ನಾನು, ಗುರುಸಿದ್ದಮ್ಮ ಹೋಗಿ ಕೂತೆವು.

ಆ ಡಿಫೆನ್ಸ್ ಹೇಳಿದ್ದಕ್ಕಿಂತ ಗಟ್ಟಿಯಿತ್ತು. ನಮ್ಮವರು ಪ್ಲಾನಿನಂತೆ ಓಡುವವನಿಗೇ ಚೆಂಡು ಕೊಡುತ್ತಾ ಆಮೆಯ ಹಾಗೆ ಮುಂದೆ ಹೋದರು. ಶುರುವಿನಲ್ಲೇ ಒಂದು ಸಲ ಅರ್ಣವ್ ಎಡಕ್ಕೆ ಓಡಿದ. ಮೊದಲನೆಯವನು ಖಾಲಿಯಿಲ್ಲ, ಎರಡನೆಯವನೂ ಇಲ್ಲ. ಚೆಂಡು ಇನ್ನೂ ಕೈಯಲ್ಲೇ ಇದೆ. ಗುರುಸಿದ್ದಮ್ಮ ಎದ್ದು ನಿಂತು, "ಒಗಿಯೋ! ಒಗಿ!" ಅಂತ ಕಿರುಚಿದರು. ಮುಂದಿನ ಸಾಲಿನ ಅಮೆರಿಕನ್ ಅಜ್ಜ ಬೆಚ್ಚಿ ಕಾಫಿ ಚೆಲ್ಲಿಕೊಂಡ. ಅರ್ಣವ್ ಎಸೆಯಲಿಲ್ಲ. ಇಬ್ಬರು ಸೇರಿ ಅವನನ್ನು ಬೀಳಿಸಿದರು.

ಅವನು ಏಳಲು ತಡಮಾಡಿದ. ಗುರುಸಿದ್ದಮ್ಮ ನನ್ನ ತೋಳು ಹಿಡಿದುಕೊಂಡರು. ಮೂಳೆಯ ಹೆಸರು ಬರಲಿಲ್ಲ, ಬರೀ ತುಟಿ ಅಲ್ಲಾಡುತ್ತಿತ್ತು. ಅರ್ಣವ್ ಮಂಡಿಯೂರಿ ಎದ್ದ, ಹೆಲ್ಮೆಟ್ ಸರಿಮಾಡಿಕೊಂಡ, ಸ್ಟ್ಯಾಂಡಿನ ಕಡೆ ತಿರುಗಿ ನೋಡಿದ. ಅಷ್ಟು ಜನರಲ್ಲಿ ಅಮ್ಮ ಕಂಡಳೋ ಇಲ್ಲವೋ, ದೇವರಿಗೇ ಗೊತ್ತು.

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಸಂಗ ಬಂತು. ಈ ಸಲ ಬಲಕ್ಕೆ ಓಡಿದ, ನೋಡಿದ, ಯಾರೂ ಇಲ್ಲ. ತೋಳು ಬೀಸಿದ. ಚೆಂಡು ನಮ್ಮ ತಂಡದ ಬೆಂಚನ್ನೂ ದಾಟಿ ನೀರಿನ ಡ್ರಮ್ಮಿಗೆ ಹೋಗಿ ಬಡಿಯಿತು. ಸುತ್ತಲಿನ ಜನವೆಲ್ಲ ಛೇ ಅಂತ ನಿಟ್ಟುಸಿರು ಬಿಟ್ಟರು. ಗುರುಸಿದ್ದಮ್ಮ ಒಬ್ಬರೇ ಚಪ್ಪಾಳೆ ಹೊಡೆದರು. ಕುಣಿದಾಡಿದರು ಅಂದರೂ ತಪ್ಪಿಲ್ಲ. ಮುಂದಿನ ಅಜ್ಜ ತಿರುಗಿ, ಈಯಮ್ಮ ಎದುರು ತಂಡದವಳು ಇರಬೇಕು ಅನ್ನುವ ಹಾಗೆ ನೋಡಿದ. "ದಟ್ ಈಸ್ ಹರ್ ಬಾಯ್," ಅಂತ ನಾನು ಹೆಮ್ಮೆಯಿಂದ ಹೇಳಿದೆ.

ಆಮೇಲೆ ಇನ್ನೂ ಎರಡು ಸಲ ಹಾಗೇ ಹೊರಗೆ ಎಸೆದ. ಆಟದ ಕೊನೆಗೆ ಅವರದು ಏಳು, ನಮ್ಮದು ಆರು. ನಮ್ಮ ಆರೂ ಕಾಲಿನಿಂದ ಒದ್ದು ಕಂಬಗಳ ನಡುವೆ ಕಳಿಸಿದ ಪಾಯಿಂಟುಗಳು, ಒಂದು ಒದೆತಕ್ಕೆ ಮೂರರಂತೆ. ಇನ್ನೊಂದು ಒದ್ದರೆ ಗೆದ್ದೆವು. ಕಂಬಗಳೂ ಹತ್ತಿರವೇ ಇದ್ದವು, ಗಡಿಯಾರದಲ್ಲಿ ಮಾತ್ರ ಕೆಲವೇ ಸೆಕೆಂಡು. ಇನ್ನೂ ಹತ್ತಿರ ಹೋಗೋಣವೆಂದು ಕೋಚ್ ಕೊನೆಯದಾಗಿ ಒಂದು ಸಣ್ಣ ಎಸೆತಕ್ಕೆ ಹೇಳಿದರು. ಅರ್ಣವ್ ಬಲಕ್ಕೆ ಓಡಿದ. ಯಾರೂ ಖಾಲಿಯಿಲ್ಲ. ಹಿಂದಿನಿಂದ ಒಬ್ಬ ದೈತ್ಯ ಬರುತ್ತಿದ್ದ. ಈಗ ನೆಲಕ್ಕೆ ಬಿದ್ದರೆ ಕಂಬ ದೂರವಾಗುತ್ತದೆ, ಗಡಿಯಾರವೂ ಓಡಿಹೋಗುತ್ತದೆ. ಆಟ ಅಲ್ಲಿಗೆ ಮುಗಿದ ಹಾಗೆ.

"ಒಗಿ ತಮ್ಮಾ!" ಅಂದರು ಗುರುಸಿದ್ದಮ್ಮ. ಕೂಗಲಿಲ್ಲ, ಪಕ್ಕದಲ್ಲೇ ಕೂತ ಮಗನಿಗೆ ಹೇಳಿದ ಹಾಗೆ ಹೇಳಿದರು. ಅರ್ಣವ್ ಎಸೆದ. ದೈತ್ಯ ಬರಿಗೈಯವನ ಪಕ್ಕದಲ್ಲಿ ಜಾರಿಕೊಂಡು ಹೋದ. ಚೆಂಡು ಹೊರಗೆ ಬಿತ್ತು, ಗಡಿಯಾರ ನಿಂತಿತು. ಒದೆಯುವ ಹುಡುಗ ಬಂದು ಒದ್ದ, ಒಂಬತ್ತು ಆಯಿತು. ಇಡೀ ಸ್ಟ್ಯಾಂಡ್ ಆ ಒದ್ದವನ ಹೆಸರು ಕೂಗಿತು, ಎಸೆದವನದ್ದಲ್ಲ. ಗುರುಸಿದ್ದಮ್ಮ ಕೂತಲ್ಲೇ ಮುಖ ಮುಚ್ಚಿಕೊಂಡು ಅತ್ತರು, ಆಮೇಲೆ ಪಂಚಾಕ್ಷರಿಗೆ ಫೋನ್ ಮಾಡಿದರು. "ಏಳ್ರಿ, ಮುಗೀತು. ನಿಮ್ಮ ಮಗ ನಡಕೋಂತ ಬರಾಕತ್ತಾನ."

ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಡಿಕ್ಕಿ ತೆರೆದು ಊಟ ಇಟ್ಟೆವು. ಅರ್ಣವ್ ಬಂದ ಕೂಡಲೇ ತಾಯಿ ತಬ್ಬಿಕೊಳ್ಳಲಿಲ್ಲ. ಮೊದಲು ಭುಜ ಒತ್ತಿ ನೋಡಿದರು, ಆಮೇಲೆ ಪಕ್ಕೆ, ಮಣಿಕಟ್ಟು, ಕೊನೆಗೆ ಒಂದೊಂದೇ ಬೆರಳು. "ಎಲ್ಲಾ ನೆಟ್ಟಗ ಅದಾವ," ಅಂದರು. ಆಮೇಲೆ ತಬ್ಬಿಕೊಂಡರು, ಬಿಡಲೇ ಇಲ್ಲ. ಪಂಚಾಕ್ಷರಿ ಹಿಂದೆ ನಿಂತು ಮಗನ ಬೆನ್ನು ಸವರುತ್ತಿದ್ದರು.

"ಅಮ್ಮಾ, ನಾಲ್ಕು ಎಸೆದೆ," ಅಂದ ಹುಡುಗ. "ಫೋರ್!"

"ಸಾಕಪ್ಪಾ ಸಾಕು. ಇನ್ನ ಉಣ್ಣು."

ಪೇಪರ್ ಪ್ಲೇಟಿನಲ್ಲಿ ರೊಟ್ಟಿ ಹಾಕಿಕೊಟ್ಟರು. ಹುಡುಗ ತೋಳ ತಿಂದ ಹಾಗೆ ತಿಂದ. ಮುಗಿದ ಮೇಲೆ ಬಾಟಲಿಯಿಂದ ಆ ಪೇಪರ್ ಪ್ಲೇಟಿಗೆ ನೀರು ಹಾಕಿಕೊಂಡ, ಬೆರಳಿನಿಂದ ಸುತ್ತಲೂ ಒರೆಸಿದ, ಎತ್ತಿ ಕುಡಿದ. ಅರ್ಧ ನೀರು ಅಂಗಿಯ ಮೇಲೆ ಸೋರಿತು.

ಗುರುಸಿದ್ದಮ್ಮ ಅವನ ತಟ್ಟೆಯನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿದರು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. "ಖೋಡಿ, ಕಾಗದಾನೂ ನುಂಗತೀಯೇನ," ಅಂದರು. "ಎರಡು ದಿನ ಆತು ನಾ ಒಂದ ತುತ್ತು ನೆಟ್ಟಗ ಉಂಡಿಲ್ಲ. ಆ ಒಗದ ರೊಟ್ಟಿನ ಕಣ್ಣಮುಂದ ಬರ್ತಿತ್ತು." ಆಮೇಲೆ ತಾವೂ ಒಂದು ರೊಟ್ಟಿ ತೆಗೆದುಕೊಂಡು, ಮಗನ ಆ ಒದ್ದೆ ಪ್ಲೇಟಿನಲ್ಲೇ ಹಾಕಿಕೊಂಡು, ಅಲ್ಲೇ ಡಿಕ್ಕಿಯ ಅಂಚಿನ ಮೇಲೆ ಕೂತು ಊಟ ಮಾಡಿದರು.